ಭುಜಬಲಿಯ ಕೈಗುಣ

ಭಾನುವಾರ ಬೆಳಗ್ಗೆ ಏಳೂವರೆಗೆ ತೀರ್ಥಹಳ್ಳಿಯ ಭುಜಬಲಿಯ ಮನೆಯ ಕಿಟಕಿಕಟ್ಟೆಯ ಮೇಲೆ ಒಂದು ಎಲೆ ಉದುರಿತು. ಹೆಬ್ಬೆರಳಿನ ಉಗುರಿನಷ್ಟಗಲದ, ದಪ್ಪನೆಯ ಎಲೆ. ಬೇರೆ ಯಾವ ಗಿಡದ್ದಾಗಿದ್ದರೂ ಗುಡಿಸಿ ಹೊರಗೆ ಹಾಕಿ ಕಾಫಿ ಕುಡಿಯಬಹುದಿತ್ತು. ಇದು ಮ್ಯಾನೇಜರ್ ಚಂದ್ರಮತಿ ಮೇಡಂ ಅವರ ಗಿಡವಾದ್ದರಿಂದ ಭುಜಬಲಿಯ ಕಾಫಿ ಲೋಟದಲ್ಲೇ ತಣ್ಣಗಾಯಿತು.

ಭುಜಬಲಿ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ. ಆಫೀಸು ಮನೆಯಿಂದ ಐದೇ ನಿಮಿಷ. ಮಧ್ಯಾಹ್ನ ಮನೆಗೆ ಬಂದು ಹೆಂಡತಿ ಜಿನಶ್ರೀ ಬಡಿಸಿದ ಬಿಸಿ ಅನ್ನ ಸಾರು ಉಂಡು, ಕಾಲು ಗಂಟೆ ಅಡ್ಡಾಗಿ ಎದ್ದು ಹೋಗುವುದು ಇಪ್ಪತ್ತು ವರ್ಷದ ಪದ್ಧತಿ. ಈ ಜನ್ಮದಲ್ಲಿ ಅವನು ಸಂಪಾದಿಸಿದ ಸುಖವೆಂದರೆ ಅದೊಂದೇ. ಈಗ ಅದಕ್ಕೂ ಸಂಚಕಾರ ಬಂದಿತ್ತು. ಸಿಗಂದೂರಿಗೆ ಸೇತುವೆ ಆದದ್ದೇ ತಡ, ಬಸ್ಸಿನಲ್ಲಿ ಎರಡು ಮೂರು ಗಂಟೆ ದೂರದ ಹಿನ್ನೀರಿನಾಚೆ ಒಂದು ಶಾಖೆ ತೆರೆಯುವ ಹುಕಿ ಆಡಳಿತ ಮಂಡಳಿಗೆ ಹತ್ತಿತು. ಅಲ್ಲಿಗೆ ಹೋಗಬೇಕಾದವನು ಒಂದೋ ಭುಜಬಲಿ, ಇಲ್ಲವೇ ಪಕ್ಕದ ಮೇಜಿನ ದುರ್ಗೇಶ್. ಯಾರೆಂದು ತೀರ್ಮಾನಿಸುವವರು ಮೇಡಂ.

ಅಂಥ ಹೊತ್ತಿನಲ್ಲೇ ಮೇಡಂ ಎಂಟು ದಿನ ಮಗಳ ಮನೆಗೆಂದು ಮೈಸೂರಿಗೆ ಹೊರಟರು. ಹೊರಡುವಾಗ, ಹನ್ನೆರಡು ವರ್ಷದಿಂದ ಸಾಕಿದ ಜೇಡ್ ಬೋನ್ಸಾಯಿಯನ್ನು ತಟ್ಟೆಯಂಥ ಕುಂಡದ ಸಮೇತ ಭುಜಬಲಿಯ ಕೈಗಿಟ್ಟರು.

"ಮನೆ ಒಳಗೇ ಕಿಟಕಿ ಹತ್ರ ಬೆಳಕಲ್ಲಿ ಇಡಿ. ನೀರು ಹಾಕ್ಬೇಡಿ, ಅದು ಎಲೇಲೇ ನೀರು ಇಟ್ಕೊಂಡಿರುತ್ತೆ. ಮಣ್ಣು ಪೂರ್ತಿ ಒಣಗಿದ್ರೆ ನಾಲ್ಕು ಚಮಚ ಸಾಕು. ಇದನ್ನ ಚೆನ್ನಾಗಿ ನೋಡ್ಕೊಂಡ್ರೆ ನಿಮ್ಮನ್ನ ಮರೆಯಲ್ಲ, ಭುಜಬಲಿಯವ್ರೆ."

ವರ್ಷದಲ್ಲಿ ಐದು ತಿಂಗಳು ಆಕಾಶವೇ ನೀರು ಹಾಕುವ ಊರಿನಲ್ಲಿ, ನೀರು ಹಾಕದೆ ಗಿಡ ಸಾಕುವುದೆಂದರೆ ಯಾರೂ ನಂಬುವ ಮಾತಲ್ಲ. ಆದರೂ ಭುಜಬಲಿ ಏಳು ದಿನ ಚಮಚ ಹಿಡಿದೇ ಕಳೆದ. ಇನ್ನು ಸಂಜೆ ಐದಕ್ಕೆ ಮೇಡಂ ಬಂದು ಗಿಡ ಒಯ್ಯಬೇಕು, ಅಷ್ಟರಲ್ಲಿ ಈ ಎಲೆ.

"ಒಂದು ಎಲೆ ತಾನೆ?" ಎಂದಳು ಜಿನಶ್ರೀ. "ನಿಮ್ಮ ತಲೇಲಿ ದಿನಾ ಎಷ್ಟು ಉದುರುತ್ತೆ. ಯಾರಾದ್ರೂ ಕೇಳಿದ್ದುಂಟಾ?"

ಭುಜಬಲಿಗೆ ಸಮಾಧಾನವಾಗಲಿಲ್ಲ. ಬೇಲಿಯಾಚೆಯ ಹೂವಮ್ಮನನ್ನು ಕೂಗಿದ. ಅಲ್ಲಿಗೆ ಅವನ ಗ್ರಹಚಾರ ಕೆಟ್ಟಿತು.

ಹೂವಮ್ಮ ಬಂದು ಗಿಡದ ಸುತ್ತ ಕಣ್ಣಾಡಿಸಿದರು. "ಅಯ್ಯೋ ಪಾಪವೇ, ನೀರಿಲ್ದೆ ಗಂಟಲು ಒಣಗಿದೆ ಅದಕ್ಕೆ. ಎಂತ ಮಾರಾಯಾ, ಮನೇಲಿ ಬಾವಿ ಇಟ್ಕೊಂಡು ಹೀಗಾ ಮಾಡೋದು?"

"ನೀರು ಹಾಕ್ಬಾರ್ದಂತೆ ಹೂವಕ್ಕ."

"ಯಾರು ಹೇಳಿದ್ದು? ಅವರಿಗೆ ಎಂಟು ದಿನ ನೀರು ಕೊಡ್ಬೇಡ, ಗೊತ್ತಾಗುತ್ತೆ."

ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತೆಂದು ಜಿನಶ್ರೀ ಕೂಗಿದಳು. ಭುಜಬಲಿ ಒಳಗೆ ಓಡಿ ಬರುವುದರೊಳಗೆ ಕುಂಡದಲ್ಲಿ ಒಂದು ಚೆಂಬು ನೀರು ತುಂಬಿ ತುಳುಕುತ್ತಿತ್ತು. ಹೂವಮ್ಮ ಸೆರಗು ಹೊದ್ದುಕೊಂಡು, ಅದೇಕೋ ಸ್ವಲ್ಪ ಅವಸರದಲ್ಲಿ ಹೊರಟುಹೋದರು.

ಭುಜಬಲಿ ಕುಂಡ ವಾಲಿಸಿ ನೀರು ಬಸಿಯುತ್ತಿರುವಾಗ ಗೊಬ್ಬರದಂಗಡಿ ಮಾಸ್ತಪ್ಪ ಬಂದ. ಯಾರೂ ಕರೆದಿರಲಿಲ್ಲ. ಕಾಯಿಲೆಯ ಸುದ್ದಿ ಕೇಳಿ ಬರದೇ ಇರುವುದು ಅವನ ಸ್ವಭಾವದಲ್ಲಿರಲಿಲ್ಲ.

"ನೀರು ನಿಂತಿದೆಯಾ? ಮುಗೀತು. ಇದು ಕೊಳೆರೋಗಕ್ಕೆ ದಾರಿ."

"ಕೊಳೆರೋಗ ಅಡಿಕೆಗೆ ಅಲ್ವೇನೋ ಬರೋದು?"

"ರೋಗಕ್ಕೆ ಅಡಿಕೆ ಯಾವುದು, ಜೇಡ್ ಯಾವುದು ಅಂತ ಗೊತ್ತಿರುತ್ತಾ ಭುಜಬಲಿಯವ್ರೆ? ಒಂದು ಸಲ ಬೋರ್ಡೋ ಹೊಡೆದ್ರೆ ನಿಶ್ಚಿಂತೆ."

ಬೇಡವೆನ್ನುವುದರೊಳಗೆ ಅಂಗಡಿಯಿಂದ ಕೈಪಂಪು ಬಂತು. ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ ಗಿಡಕ್ಕೂ ಬಿತ್ತು, ಕಿಟಕಿಗೂ ಬಿತ್ತು, ಭುಜಬಲಿಯ ಬನಿಯನ್ನಿಗೂ ಬಿತ್ತು. ಗಿಡ ಸುಣ್ಣ ಬಳಿದ ಗೋಡೆಯ ಹಾಗೆ ಕಂಡಿತು. ಕೆಲಸ ಮುಗಿಸಿದ ಮಾಸ್ತಪ್ಪ ಜೇಬಿನ ಮೇಲೆ ಕೈ ಇಟ್ಟುಕೊಂಡೇ ಮೆಟ್ಟಿಲಿಳಿದ.

ಹತ್ತು ಗಂಟೆಯ ಹೊತ್ತಿಗೆ ಬೀದಿಗೆಲ್ಲ ಸುದ್ದಿಯಾಯಿತು. ಮೇಡಂ ಗಿಡಕ್ಕೆ ಸೀರಿಯಸ್ಸಂತೆ. ಜನ ಆಸ್ಪತ್ರೆಗೆ ಬಂದಂತೆ ಬಂದರು. ಎಲ್ಲರಿಗೂ ಜಿನಶ್ರೀ ಕಾಫಿ ಮಾಡಿದಳು. ಎಲ್ಲರೂ ಗಿಡದ ಹತ್ತಿರ ಒಂದು ನಿಮಿಷ ನಿಂತು "ಪಾಪ" ಎಂದರು, ಎಲ್ಲರೂ ಮುಷ್ಟಿ ಬಿಗಿಹಿಡಿದು ಹೊರಟರು. ಭುಜಬಲಿ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸಿದ. ಒರೆಸಿದ ಎಲೆಗಳಲ್ಲಿ ಅರ್ಧ ಅವನ ಕೈಗೇ ಬಂದವು.

ನಾಲ್ಕೂಮುಕ್ಕಾಲಿಗೆ ನೋಡಿದರೆ ಗಿಡವೆಲ್ಲಿದೆ? ದಪ್ಪನೆಯ ಒಂದು ಕಾಂಡ, ಮೂರು ಮೋಟು ಕೊಂಬೆ, ತುದಿಯಲ್ಲಿ ಐದು ಎಲೆ. ಬಗ್ಗಿ ನೋಡಿದ. ಒಂದೊಂದು ಕೊಂಬೆಯಲ್ಲೂ ಉಗುರಿನಿಂದ ಚಿವುಟಿದ ಹಸಿ ಗುರುತು. ಅವನಿಗೆ ಆಗ ಬುದ್ಧಿ ಬಂತು. ನಮ್ಮ ಕಡೆ ಕೇಳಿ ತಂದ ಗಿಡ ಬದುಕುವುದಿಲ್ಲ, ಕದ್ದು ಚಿವುಟಿ ತಂದ ಗೆಲ್ಲೇ ಚಿಗುರುವುದು ಎಂಬ ಶಾಸ್ತ್ರ ಹೆಂಗಸರಿಗೆಲ್ಲ ಬಾಯಿಪಾಠ. ಗಂಡಸರೂ ಕಮ್ಮಿಯಿಲ್ಲ.

ಬೇಲಿಯಾಚೆ ಇಣುಕಿದ. ಹೂವಮ್ಮನ ಕಟ್ಟೆಯ ಮೇಲೆ, ಹಿಡಿ ಮುರಿದ ಪ್ಲಾಸ್ಟಿಕ್ ಮಗ್ಗಿನಲ್ಲಿ, ಮೇಡಂ ಗಿಡದ ಒಂದು ಗೆಲ್ಲು ನಗುತ್ತಾ ನಿಂತಿತ್ತು.

"ಹೂವಕ್ಕ, ಅದನ್ನ ವಾಪಸ್ ಕೊಡಿ. ನನ್ನ ನೌಕರಿ ವಿಷಯ."

"ಯಾವುದನ್ನ?" ಎಂದು ಹೂವಮ್ಮ ಮಗ್ಗಿಗೆ ಅಡ್ಡ ನಿಂತರು. "ಇದು ನಮ್ಮನೇದು. ನನ್ನ ತವರಿಂದ ತಂದಿದ್ದು."

ಭುಜಬಲಿಗೆ ಅಳು ಬಂತು. ನಿಜವಾಗಿಯೂ ಬಂತು. ಅದು ಕೆನ್ನೆಗಿಳಿಯುವಷ್ಟರಲ್ಲಿ ಗೇಟಿನ ಮುಂದೆ ಮೇಡಂ ಕಾರು ನಿಂತಿತು.

ಮೇಡಂ ಒಳಗೆ ಬಂದು ಗಿಡದ ಮುಂದೆ ನಿಂತರು. ಕುಂಡವನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ ನೋಡಿದರು. ಭುಜಬಲಿ ಮನಸ್ಸಿನಲ್ಲೇ ಹಾಸಿಗೆ ಸುತ್ತಿ ಹಿನ್ನೀರು ದಾಟಿದ್ದ.

"ಭುಜಬಲಿಯವ್ರೆ," ಎಂದರು ಮೇಡಂ. "ಇದಕ್ಕೆ ಗಟ್ಟಿಯಾಗಿ ಕತ್ತರಿ ಹಾಕಿದ್ರೆ ಮಾತ್ರ ಕಾಂಡದ ಚಂದ ಕಾಣೋದು ಅಂತ ಮೈಸೂರಲ್ಲಿ ಒಬ್ರು ಈಗಷ್ಟೇ ಹೇಳಿದ್ರು. ಹನ್ನೆರಡು ವರ್ಷದಿಂದ ನನಗೆ ಕೈ ಬರಲಿಲ್ಲ. ನೀವು ಮಾಡಿಬಿಟ್ರಿ. ಗಾಯಕ್ಕೆ ಬೋರ್ಡೋ ಬೇರೆ ಹಚ್ಚಿದೀರಿ."

ಭುಜಬಲಿಗೆ ಹೋದ ಜೀವ ಬಂತು. ನಾಳೆಯ ಅನ್ನ ಸಾರಿನ ಪರಿಮಳ ಮೂಗಿಗೆ ಬಡಿಯಿತು.

"ಹೊಸ ಶಾಖೆಗೆ ಅಧ್ಯಕ್ಷರು ಇಂಥದ್ದೇ ನಲವತ್ತು ಕುಂಡ ತರಿಸಿದಾರೆ. ಯಾರು ನೋಡ್ಕೋತಾರೆ ಅಂತ ಯೋಚನೆಯಲ್ಲಿದ್ದೆ. ಇನ್ನು ಯೋಚನೆ ಇಲ್ಲ. ನೀವೇ ಹೊರಡಿ, ನಾಳೇನೇ ಆರ್ಡರ್ ಮಾಡಿಸ್ತೀನಿ."

"ಮತ್ತೆ ದುರ್ಗೇಶ್?"

"ಅವನಾ? ಆಫೀಸಿನ ಮನಿಪ್ಲಾಂಟನ್ನೇ ಕೊಳೆಸಿದವನು. ಅಂಥವನನ್ನ ಎಲ್ಲಿಗೂ ಕಳಿಸೋ ಹಾಗಿಲ್ಲ. ಇಲ್ಲೇ ಬಿದ್ದಿರಲಿ."

ಭುಜಬಲಿ ಕೈ ಮುಗಿದ. "ಮೇಡಂ, ನಾನು ಏನೂ ಮಾಡಿಲ್ಲ. ಇದು ಕತ್ತರಿ ಹಾಕಿದ್ದಲ್ಲ, ಹಾಳಾಗಿದ್ದು. ನೀರು ಹಾಕಿದ್ದು ಹೂವಕ್ಕ, ಔಷಧಿ ಹೊಡೆದದ್ದು ಮಾಸ್ತಪ್ಪ. ಗೆಲ್ಲು ಮುರಿದು ಒಯ್ದಿದ್ದು ಬೀದಿಯವ್ರೆಲ್ಲ. ಬೇಕಾದ್ರೆ ಅವ್ರನ್ನೇ ಕೇಳಿ."

ಮೇಡಂ ಕೇಳಿದರು. ಕಾರಿನ ಸದ್ದಿಗೆ ಇಬ್ಬರೂ ಬಾಗಿಲಿಗೇ ಬಂದು ನಿಂತಿದ್ದರು.

"ರಾಮ ರಾಮ," ಎಂದರು ಹೂವಮ್ಮ. "ಪರರ ಗಿಡಕ್ಕೆ ನಾವ್ಯಾಕೆ ಕೈ ಹಾಕೋಣ ಅಮ್ಮಾ? ಹುಟ್ಟಿದ ಮೇಲೆ ಒಂದು ಎಲೆ ಮುಟ್ಟಿದವಳಲ್ಲ ನಾನು."

"ಬೆಳಗ್ಗಿಂದ ಒಬ್ರೇ ಕೂತು ಮಾಡಿದ್ದು ಮೇಡಂ," ಎಂದ ಮಾಸ್ತಪ್ಪ ಜೇಬು ಮುಚ್ಚಿಕೊಂಡು. "ಅವರ ಕೈಗುಣವೇ ಹಾಗೆ."

"ವಿನಯ ನೋಡಿ," ಎಂದು ಮೇಡಂ ಭುಜಬಲಿಯ ಬೆನ್ನು ತಟ್ಟಿ, ಗಿಡ ಎತ್ತಿಕೊಂಡು ಹೊರಟರು.

ಭುಜಬಲಿ ಬಾಗಿಲಲ್ಲೇ ಕುಕ್ಕರಿಸಿ ನೋಡುತ್ತಿದ್ದ. ಮೇಡಂ ಗಿಡವನ್ನು ಕಾರಿನಲ್ಲಿಟ್ಟರು. ಹೂವಮ್ಮನ ಬೇಲಿಯಲ್ಲಿ ಎರಡು ಬಣ್ಣದ ದಾಸವಾಳ ಬಿಟ್ಟಿತ್ತು. ಮೇಡಂ ಆ ಕಡೆ ನೋಡಿದರು, ಈ ಕಡೆ ನೋಡಿದರು, ಲಟಕ್ಕನೆ ಒಂದು ಗೆಲ್ಲು ಮುರಿದು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಕಾರು ಹತ್ತಿದರು.

"ರೀ," ಎಂದಳು ಒಳಗಿನಿಂದ ಜಿನಶ್ರೀ, "ನಾಳೆ ಪೇಟೆಗೆ ಹೋದಾಗ ಒಂದು ಬುತ್ತಿ ಡಬ್ಬಿ ತನ್ನಿ. ಎರಡು ಖಾನೆದು ಸಾಕು, ಅನ್ನಕ್ಕೊಂದು ಸಾರಿಗೊಂದು. ಅಲ್ಲಿಗೆ ಹೋಗೋದ್ರೊಳಗೆ ಹೇಗೂ ಎಲ್ಲ ತಣ್ಣಗಾಗಿರುತ್ತೆ."