ಹಲ್ಲಿನ ಲಾಯರು, ಅಜ್ಜಿಯ ಹಲ್ಸೆಟ್ಟು

ಬಂಗಾರಪೇಟೆಯಲ್ಲಿ ನನ್ನ ಬೋರ್ಡಿನ ಮೇಲೆ ‘ವಕೀಲರು’ ಎಂದಷ್ಟೇ ಇದೆ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ‘ಹಲ್ಲಿನ ಲಾಯರಾ?’ ಎಂದೇ ದಾರಿ ತೋರಿಸುತ್ತಾರೆ. ಹಲ್ಲಿನ ಡಾಕ್ಟರೊಬ್ಬರ ಎಡವಟ್ಟಿನ ಮೇಲೆ ಒಂದೇ ಒಂದು ಕೇಸು ಗೆದ್ದೆ, ನೋಡಿ. ಅಂದಿನಿಂದ ಹಲ್ಲಿನ ದೂರಿನವರೇ ಗಂಟುಬಿದ್ದಿದ್ದಾರೆ. ಕೂತುಕೊಳ್ಳಿ ಎನ್ನುವ ಮೊದಲೇ ಬಾಯಿ ತೆರೆದು ದವಡೆ ತೋರಿಸುತ್ತಾರೆ.

೧. ಸೂರಿನ ಮೇಲಿನ ಸಾಕ್ಷಿ

ಊರಿಗಾಂನ ಲೈನ್ ಮನೆಯಿಂದ ನಿವೃತ್ತ ಗಣಿ ಕಾರ್ಮಿಕರೊಬ್ಬರು ಬಂದರು. ನೋಯುತ್ತಿದ್ದ ಹಲ್ಲು ಬಿಟ್ಟು ಪಕ್ಕದ ಗಟ್ಟಿ ಹಲ್ಲನ್ನು ಡಾಕ್ಟರು ಕಿತ್ತರೆಂಬುದು ಅವರ ದೂರು.

‘ಕಿತ್ತ ಹಲ್ಲೆಲ್ಲಿ? ಹುಳುಕಿಲ್ಲ ಅಂತ ತೋರಿಸಬೇಕಲ್ಲ’ ಅಂದೆ.

‘ನಮ್ ಮನೇವ್ಳು ಸೂರ್ ಮೇಲೆ ಎಸ್ದುಬಿಟ್ಲು ಸಾರ್.’

ಮಕ್ಕಳ ಹಾಲುಹಲ್ಲನ್ನು ಸೂರಿಗೆ ಎಸೆಯುವುದು ಗೊತ್ತು. ಎಪ್ಪತ್ತರ ಗಂಡನ ಹಲ್ಲಿಗೂ ಆ ಯಮ್ಮ ಅದೇ ಶಾಸ್ತ್ರ ಮಾಡಿದ್ದರು, ಮತ್ತೆ ಹುಟ್ಟಲಿ ಎಂದು. ಕರಿಕೋಟು ಬಿಚ್ಚಿಟ್ಟು ನಾನೇ ಏಣಿ ಹತ್ತಿದೆ. ಶೀಟಿನ ಸಂದಿಯಲ್ಲಿ ಹನ್ನೊಂದು ಹಲ್ಲು ಸಿಕ್ಕವು. ಮಕ್ಕಳ, ಮೊಮ್ಮಕ್ಕಳ ಹಲ್ಲೆಲ್ಲ ಅಲ್ಲೇ ಇದ್ದವು. ‘ಇದರಲ್ಲಿ ನಿಮ್ಮದು ಯಾವುದು?’ ಎಂದು ಅಂಗೈ ಚಾಚಿದೆ.

ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡಿ, ‘ಎಲ್ಲಾ ನಮ್ ಮನೇದೇ ಸಾರ್. ಯಾವ್ದು ಬೆಳ್ಳಗದೆಯೋ ಅದನ್ನ ಕೋರ್ಟಿಗೆ ಆಕ್ಬಿಡಿ’ ಅಂದರು.

೨. ನನ್ನದೇ ದವಡೆ

ಒಂದು ದಿನ ನನ್ನ ಹಲ್ಲೇ ಕೈಕೊಟ್ಟಿತು. ಬಂಗಾರಪೇಟೆಯ ಡಾಕ್ಟರೊಬ್ಬರು ನನ್ನ ಮುಖ ಕಂಡದ್ದೇ ಮದುವೆಗೆ ಹೊರಟರು. ಇನ್ನೊಬ್ಬರ ಕರೆಂಟು ಹೋಯಿತು, ಪಕ್ಕದಂಗಡಿಯಲ್ಲಿ ಫ್ಯಾನು ತಿರುಗುತ್ತಿದ್ದರೂ. ಕೊನೆಗೆ ಆಂಡರ್ಸನ್‌ಪೇಟೆಯ ಡಾಕ್ಟರು ಒಪ್ಪಿದರು. ಯಾವ ಹಲ್ಲೆಂದು ನಾನೇ ಬೆರಳಿಟ್ಟು ತೋರಿಸುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರು. ನಾಲ್ಕು ಪುಟಕ್ಕೆ ಸಹಿ ಹಾಕಿಸಿದರು. ಸೂಜಿ ಚುಚ್ಚಿ, ನಾಲಿಗೆ ತುಟಿ ಎಲ್ಲ ಮರಗಟ್ಟುವ ತನಕ ಕಾದು, ಇಕ್ಕಳ ಹಿಡಿದು ಕೇಳಿದರು: ‘ಲಾಯರ್ ಸಾಹೇಬ್ರೆ, ತಮ್ಮ ಆಕ್ಷೇಪಣೆ ಏನಾದ್ರೂ ಇದ್ರೆ ಈಗಲೇ ಹೇಳಿ.’

ನಾನು ಬಾಯಿ ಬಿಟ್ಟುಕೊಂಡೇ ಸೋತ ಕೇಸು ಅದೊಂದೇ.

೩. ಮುದ್ದೆಯ ಕೇಸು

ಆ ಡಾಕ್ಟರ ಮೇಲೆಯೇ ಮುಂದೆ ಕೇಸು ಹಾಕಬೇಕಾಗಿ ಬಂತು. ಬೇತಮಂಗಲದ ಕಡೆಯ ಒಬ್ಬ ಅಜ್ಜಿ, ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುವವಳು. ಆ ಡಾಕ್ಟರು ಮಾಡಿಕೊಟ್ಟ ಹಲ್ಸೆಟ್ಟು ಅವಳ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಐದು ಸಲ ಅಲೆದರೂ ಸರಿಮಾಡಿಕೊಟ್ಟಿರಲಿಲ್ಲ.

‘ನಂಗೆ ದುಡ್ಡು ಬ್ಯಾಡ ಸಾಮಿ, ನೆಟ್ಟಗೆ ಕೂರೋ ಸೆಟ್ಟು ಕೊಡ್ಸು’ ಎಂದು ಅಜ್ಜಿ ಕಣ್ಣೀರು ಹಾಕಿದಳು. ಜೊತೆಗೆ ಬಂದಿದ್ದ ಸೊಸೆ ಮಾತ್ರ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

ಕರುಣೆಯ ಭರದಲ್ಲಿ ದೂರಿನಲ್ಲಿ ‘ಸದರಿ ಅರ್ಜಿದಾರರು ದಿನನಿತ್ಯದ ರಾಗಿಮುದ್ದೆಯನ್ನೂ ಅಗಿಯಲಾಗದೆ ನರಳುತ್ತಿದ್ದಾರೆ’ ಎಂದು ಬರೆದುಬಿಟ್ಟೆ. ಕೋಲಾರದ ಗ್ರಾಹಕರ ಕೋರ್ಟಿನಲ್ಲಿ ಎದುರು ವಕೀಲರು ಅದನ್ನೇ ಹಿಡಿದುಕೊಂಡು, ‘ಏನಜ್ಜಿ, ಮುದ್ದೆ ಅಗೀತೀರಾ?’ ಎಂದರು.

‘ಮುದ್ದೆನ ಯಾವೋನಪ್ಪಾ ಅಗ್ಯೋನು? ನುಂಗಾದು!’

ಕೋರ್ಟಿಗೆ ಕೋರ್ಟೇ ನಕ್ಕಿತು. ಹುಟ್ಟಿದಾಗಿನಿಂದ ಮುದ್ದೆ ನುಂಗಿಯೇ ಬೆಳೆದ ನನಗೆ ಬರೆಯುವಾಗ ಬುದ್ಧಿ ಎಲ್ಲಿಗೆ ಹೋಗಿತ್ತೋ. ಕೇಸು ಕೈತಪ್ಪಿತು ಎಂದುಕೊಂಡೆ.

‘ಹಾಗಾದ್ರೆ ನಿಮಗೆ ಹಲ್ಲು ಯಾತಕ್ಕಮ್ಮ?’ ಎಂದರು ಪೀಠದಲ್ಲಿದ್ದ ಅಧ್ಯಕ್ಷರು.

‘ಬಯ್ಯಾಕೆ ಸಾಮಿ! ಇದನ್ನ ಆಕ್ಕಂಡು ಸೊಸೆನ ಒಂದ್ ಮಾತು ಅಂದ್ರೆ, ಮಾತಿಗಿಂತ ಮುಂದಾಗಿ ಸೆಟ್ಟು ಅವಳ ಮಡ್ಲಿಗೆ ಬೀಳ್ತದೆ. ಅವಳೇ ತೊಳ್ದು ತಂದ್ಕೊಡ್ತಾಳೆ. ಆಮ್ಯಾಕೆ ಎಂಗೆ ಬಯ್ಯಾದು?’

ತೋರಿಸಲೆಂದು, ಎದುರು ವಕೀಲರ ಹಿಂದೆ ಕೂತಿದ್ದ ಸೊಸೆಯ ಕಡೆ ತಿರುಗಿ ‘ಏನೇ...’ ಎಂದಳು. ಸೆಟ್ಟು ಹಾರಿ ಎದುರು ವಕೀಲರ ಫೈಲಿನ ಮೇಲೆ ಬಿತ್ತು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಹೊಸ ಸೆಟ್ಟು ಮಾಡಿಕೊಡಬೇಕೆಂದು ಆದೇಶವಾಯಿತು.

ತಿಂಗಳಾದ ಮೇಲೆ ಸೊಸೆ ಒಬ್ಬಳೇ ಆಫೀಸಿಗೆ ಬಂದಳು. ‘ಹೊಸ ಸೆಟ್ಟು ಹೇಗಿದೆಯಮ್ಮ?’ ಅಂದೆ.

‘ಬೋ ಬಿಗಿಯಾಗಿ ಕೂತದೆ ಸಾರ್. ಬೆಳಗ್ಗೆ ಆಕ್ಕಂಡ್ರೆ ಮಲ್ಗೋಗಂಟ ಅಲ್ಲಾಡಲ್ಲ’ ಅಂದವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ‘ಆ ಡಾಕ್ಟ್ರ ಮ್ಯಾಲೆ ನಾನೊಂದು ಕೇಸ್ ಆಕ್ಬೋದಾ?’