ಫೆಬ್ರವರಿಯ ವಿರುದ್ಧ ಅರ್ಧ ಭಾಷಣ

ನ್ಯೂ ಜೆರ್ಸಿ, ನ್ಯೂಯಾರ್ಕ್ ಕನ್ನಡಿಗರ ನಡುವೆ ನನ್ನ ಬಗ್ಗೆ ಒಂದು ಕಥೆ ಓಡಾಡುತ್ತಿದೆ. ಜೆರಿಕೋದ ಒಂದು ಗೃಹಪ್ರವೇಶದಲ್ಲಿ ಬಿಸಿಬೇಳೆ ಬಾತಿನ ಸಾಲಿನಲ್ಲಿ ನಿಂತಿದ್ದಾಗ, ಹಿಂದಿದ್ದ ಆಂಟಿಯೊಬ್ಬರು ಕಥಾನಾಯಕಿ ಯಾರೆಂದು ತಿಳಿಯದೆ ಅದನ್ನು ನನಗೇ ಹೇಳಿದರು. "ಪಿಸ್ಕಾಟವೇಲಿ ಯಾವುದೋ ಟೆಲಿಕಾಂ ಆಫೀಸಂತೆ. ನಮ್ಮ ಮೈಸೂರಿನ ಹುಡುಗಿಯಂತೆ. ಪ್ರೆಸಿಡೆಂಟೇ ಆಗೋಯ್ತಲ್ಲ, ಈ ಬ್ಲ್ಯಾಕ್ ಹಿಸ್ಟರಿ ತಿಂಗಳು ಇನ್ನು ಯಾಕೆ ಬೇಕು ಅಂತ ಮೀಟಿಂಗಲ್ಲಿ ಎಲ್ಲರೆದುರಿಗೇ ಕೇಳಿಬಿಟ್ಟಳಂತೆ ಕಣ್ರೀ. ಒಬ್ಬರೂ ಪಿಟಿಕ್ ಅನ್ನಲಿಲ್ಲವಂತೆ. ಹೀಗಿರಬೇಕು ಹೆಣ್ಣುಮಕ್ಕಳು," ಎಂದು ಹೇಳಿ, ಆ ಧೈರ್ಯವಂತೆಯ ಗೌರವಾರ್ಥವೋ ಎಂಬಂತೆ ನನ್ನ ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿದರು.

ಬೈಗುಳವನ್ನು ಖಂಡಿಸುವುದು ನನಗೆ ಕರತಲಾಮಲಕ. ಆದರೆ ಹೊಗಳಿಕೆಯನ್ನು ಖಂಡಿಸುವುದು ಹೇಗೆಂದು ನನಗೆ ಯಾರೂ ಕಲಿಸಲಿಲ್ಲ. ಹಪ್ಪಳ ಮುರಿಯುತ್ತ ನಿಂತೆ. ಆ ಕಥೆಯಲ್ಲಿ ತಪ್ಪುಗಳೇ ಹೆಚ್ಚು. ದೇಶಕ್ಕೆ ಕಪ್ಪು ಜನಾಂಗದ ಅಧ್ಯಕ್ಷರು ಬಂದ ಮಾತನ್ನು ನಾನು ಎತ್ತಲೇ ಇಲ್ಲ, ಅದು ಇನ್ನೊಬ್ಬರ ವಾದ. ಮೀಟಿಂಗಿನಲ್ಲಿ ಯಾರೂ ಪಿಟಿಕ್ ಅನ್ನದಿದ್ದದ್ದು ನನ್ನ ವಾಗ್ಝರಿಗೆ ಬೆರಗಾಗಿ ಅಲ್ಲ. ವಾಲ್ ಸ್ಟ್ರೀಟಿನ ಬ್ಯಾಂಕುಗಳು ಒಂದೊಂದಾಗಿ ಉರುಳಿದ ಮೇಲಿನ ಆ ಚಳಿಗಾಲದಲ್ಲಿ ಯಾವ ಆಫೀಸಿನ ಯಾವ ಮೀಟಿಂಗಿನಲ್ಲೂ ಯಾರೂ ಬಾಯಿ ಬಿಡುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆಂಟಿ ಕೇಳಿದ್ದು ನನ್ನ ಭಾಷಣದ ಅರ್ಧವನ್ನು ಮಾತ್ರ.

ಅರ್ಧ ಎಂದರೇನೆಂದು ಹೇಳಬೇಕಾದರೆ ನನ್ನ ಕಾಲೇಜಿಗೆ ಹೋಗಿ ಬರಬೇಕು. ನಮ್ಮಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆಗೆ ಒಂದು ಕಾಲೇಜಿನಿಂದ ಇಬ್ಬರು ಹೋಗುತ್ತಾರೆ. ಒಬ್ಬರು ವಿಷಯದ ಪರ, ಒಬ್ಬರು ವಿರೋಧ. ಇಬ್ಬರ ಅಂಕಗಳನ್ನೂ ಕೂಡಿಸಿ ರೋಲಿಂಗ್ ಶೀಲ್ಡು ಕೊಡುತ್ತಾರೆ. ನನ್ನ ಜೋಡಿ ಉಷಾ. ಟೀವಿಯಿಂದ ದೇಶ ಹಾಳಾಯಿತೆಂದು ಅವಳು ಸಭೆಯ ಕಣ್ಣಲ್ಲಿ ನೀರು ತರಿಸುತ್ತಿದ್ದಳು, ಟೀವಿಯಿಂದಲೇ ದೇಶ ಉಳಿಯಿತೆಂದು ನಾನು ಮೇಜು ಕುಟ್ಟುತ್ತಿದ್ದೆ. ಆಮೇಲೆ ಇಬ್ಬರೂ ಒಂದೇ ಸೀಟಿನಲ್ಲಿ ಕೂತು, ಶೀಲ್ಡನ್ನು ತೊಡೆಯ ಮೇಲಿಟ್ಟುಕೊಂಡು, ಕಡಲೆಕಾಯಿ ತಿನ್ನುತ್ತ ಬಸ್ಸಿನಲ್ಲಿ ವಾಪಸಾಗುತ್ತಿದ್ದೆವು. ನೀನು ನಿಜಕ್ಕೂ ನಂಬುವುದೇನು ಎಂದು ಯಾವ ತೀರ್ಪುಗಾರರೂ ಕೇಳಲಿಲ್ಲ. ಉಚ್ಚಾರಣೆಗೆ ಅಂಕವಿತ್ತು, ಹಾವಭಾವಕ್ಕೆ ಅಂಕವಿತ್ತು, ನಂಬಿಕೆಗೆ ಇರಲಿಲ್ಲ.

ಈ ಶಿಕ್ಷಣದ ಫಲವಾಗಿ ನಾನು ಅಮೆರಿಕದಲ್ಲಿ ಡ್ರೈವಿಂಗ್ ಲೈಸೆನ್ಸಿನ ರೋಡ್ ಟೆಸ್ಟಿನಲ್ಲಿ ಫೇಲಾದೆ. ಸ್ಟಾಪ್ ಚಿಹ್ನೆಯ ಬಳಿ ನಾನು ನಿಲ್ಲಿಸಿದ್ದು ನಿಲ್ಲಿಸಿದಂತಲ್ಲ ಎಂದ ಪರೀಕ್ಷಕನಿಗೆ, ನಿಲ್ಲುವುದು ಎಂಬುದರ ವ್ಯಾಖ್ಯೆ ಕೊಡಿ ಎಂದು ಕೇಳಿದ್ದೆ. ಹಾಗಾಗಿ ದಿನವೂ ಆಫೀಸಿಗೆ ಹೋಗುತ್ತಿದ್ದದ್ದು ಡೆನೀಸ್ ಅವರ ಕಾರಿನಲ್ಲಿ. ಡೆನೀಸ್ ನಮ್ಮ ಟೆಸ್ಟಿಂಗ್ ತಂಡದ ಮುಖ್ಯಸ್ಥೆ, ಕಪ್ಪು ಜನಾಂಗದವರು, ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಅದೇ ಕಂಪನಿಯಲ್ಲಿದ್ದವರು. ಪ್ಲೇನ್‌ಫೀಲ್ಡಿನಿಂದ ಬರುವ ದಾರಿಯಲ್ಲಿ ನನ್ನ ಅಪಾರ್ಟ್‌ಮೆಂಟಿನ ಮುಂದೆ ನಿಲ್ಲಿಸಿ, "ಹತ್ತು, ಪ್ರೊಫೆಸರ್. ಇವತ್ತು ಯಾವುದು ತಪ್ಪು?" ಎನ್ನುತ್ತಿದ್ದರು. ಅವರು ಆಡಿದ್ದು ಇಂಗ್ಲಿಷ್, ಆದರೆ ನನ್ನ ಕಿವಿಗೆ ಅದು ಹೀಗೇ ಕೇಳುತ್ತಿತ್ತು.

ಫೆಬ್ರವರಿ ಹತ್ತಿರವಾದಾಗ ತಪ್ಪು ಯಾವುದೆಂದು ಹುಡುಕಬೇಕಾಗಿರಲಿಲ್ಲ. ಕಪ್ಪು ಜನರ ಚರಿತ್ರೆಗೆಂದು ಮೀಸಲಾದ ತಿಂಗಳಿನ ಮೇಲೆ ನನಗೆ ಮೊದಲಿನಿಂದಲೂ ತಕರಾರು. "ಒಂದು ಜನಾಂಗದ ಚರಿತ್ರೆಯನ್ನ ಒಂದು ತಿಂಗಳಲ್ಲಿ ಕೂಡಿಹಾಕಿದರೆ ಉಳಿದ ಹನ್ನೊಂದು ತಿಂಗಳು ಎಲ್ಲರಿಗೂ ರಜೆ ಕೊಟ್ಟಂತೆ," ಎನ್ನುತ್ತಿದ್ದೆ.

"ರಜೆ ಹೇಗಿದ್ರೂ ತಗೋತಾರೆ," ಎನ್ನುತ್ತಿದ್ದರು ಡೆನೀಸ್. "ತಿಂಗಳಿದ್ರೆ ಹನ್ನೊಂದು, ಇಲ್ಲದಿದ್ರೆ ಹನ್ನೆರಡು."

"ವರ್ಷಾ ವರ್ಷಾ ಅದೇ ಮೂರು ಹೆಸರು, ಅದೇ ಪೋಸ್ಟರು, ಕೆಫೆಟೀರಿಯಾದಲ್ಲಿ ಕಪ್ಪು ಜನರ ಅಡುಗೆ ಅಂತ ಅದೇ ಕಾರ್ನ್‌ಬ್ರೆಡ್ಡು."

"ಕಾರ್ನ್‌ಬ್ರೆಡ್ ವಿಷಯದಲ್ಲಿ ಒಪ್ಪಿದೆ. ಕೆಫೆಟೀರಿಯಾದವರಿಗೆ ಮಾಡೋಕೆ ಬರಲ್ಲ."

ಅವರಿಗೂ ಆ ತಿಂಗಳ ಮೇಲೆ ಕೋಪವಿತ್ತು. ಫೆಬ್ರವರಿಯಲ್ಲಿ ಕಂಪನಿಯ ವೆಬ್‌ಸೈಟಿನಲ್ಲಿ ತಮ್ಮ ಫೋಟೋ ಹಾಕುತ್ತಾರೆ, ಮಾರ್ಚಿನಲ್ಲಿ ಪಾರ್ಕಿಂಗ್ ಲಾಟಿನಲ್ಲಿ ನಿಲ್ಲಿಸಿ ಬ್ಯಾಡ್ಜ್ ತೋರಿಸು ಎನ್ನುತ್ತಾರೆ ಎಂದು ನಗುತ್ತಿದ್ದರು. ಆದರೆ ಆ ತಿಂಗಳಲ್ಲಿ ಆಫೀಸಿನ ಕಾರ್ಯಕ್ರಮಕ್ಕೆಂದು ತಮ್ಮ ಪಾಲಿಗೆ ಸಿಗುತ್ತಿದ್ದ ಒಂದು ಗಂಟೆಯನ್ನು ಅವರು ಪೋಸ್ಟರಿಗೆ ಬಿಟ್ಟುಕೊಡುತ್ತಿರಲಿಲ್ಲ. ಪ್ರತಿ ಸಲವೂ ಟೆಲಿಫೋನ್ ಕೆಲಸದಲ್ಲಿ ಬದುಕು ಸವೆಸಿದ ಯಾರಾದರೂ ಕಪ್ಪು ಹಿರಿಯರನ್ನು ಕರೆಸಿ ಮಾತಾಡಿಸುತ್ತಿದ್ದರು. ಈ ಸಲ ಅವರ ಸೋದರತ್ತೆ, ಆಂಟ್ ಲೊರೇನ್. ನ್ಯೂ ಜೆರ್ಸಿಯದೇ ಊರಾದ ನೂವರ್ಕಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವರು, ಎಂಬತ್ತು ದಾಟಿದವರು. ಅವರು ಕೋಟನ್ನು ಡ್ರೈಕ್ಲೀನಿಂಗಿಗೆ ಕೊಟ್ಟದ್ದು, ಸಂಜೆಹೊತ್ತು ಡೆನೀಸ್‌ಗೆ ಫೋನ್ ಮಾಡಿ ಭಾಷಣ ಒಪ್ಪಿಸುತ್ತಿದ್ದದ್ದು, "ಆ ಹುಡುಗಿ, ನಿನ್ನ ಜೊತೆ ಜಗಳ ಆಡ್ತಾಳಲ್ಲ, ಅವಳು ಮುಂದಿನ ಸಾಲಲ್ಲಿ ಕೂರಲಿ" ಎಂದು ಹೇಳಿ ಕಳಿಸಿದ್ದು, ಎಲ್ಲವೂ ನನಗೆ ಕಾರಿನಲ್ಲೇ ತಲುಪುತ್ತಿತ್ತು.

ಅಷ್ಟರಲ್ಲಿ ಆಫೀಸಿನಲ್ಲಿ ಪ್ರಿಂಟರ್ ಪಕ್ಕ ಖಾಲಿ ರಟ್ಟಿನ ಪೆಟ್ಟಿಗೆಗಳು ಬಂದು ಕೂತವು. ಯಾರಿಗಾಗಿ ಎಂದು ಯಾರೂ ಕೇಳಲಿಲ್ಲ. ಶುಕ್ರವಾರ ಯಾರಾದರೊಬ್ಬರು ಒಂದನ್ನು ತೆಗೆದುಕೊಂಡು ತಮ್ಮ ಕಾಫಿ ಲೋಟ, ಫೋಟೋ, ಗಿಡ ತುಂಬಿಕೊಂಡು ಹೋಗುತ್ತಿದ್ದರು. ಉಳಿದವರಿಗೆ ಕೆಲಸ ಹೋದರೆ ಕೆಲಸ ಮಾತ್ರ ಹೋಗುತ್ತಿತ್ತು. ನನ್ನಂಥ ವೀಸಾದವರಿಗೆ ಅದರ ಜೊತೆಗೆ ದೇಶವೂ ಹೋಗುತ್ತಿತ್ತು.

ಇಂಥ ಹೊತ್ತಿನಲ್ಲಿ ಶಿವಸ್ವಾಮಿ ಅಂಕಲ್ ನನ್ನನ್ನು ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದರು. ಅವರು ನಮ್ಮ ವಿಭಾಗದ ಡೈರೆಕ್ಟರು, ಕನ್ನಡ ಸಂಘದ ಕಾರ್ಯದರ್ಶಿ ಕೂಡ. ಸಂಘದಲ್ಲಿ ಅಂಕಲ್, ಆಫೀಸಿನಲ್ಲಿ ಎಲ್ಲರಂತೆ ಬರೀ ಶಿವ. ನಾಲಗೆ ಎರಡಕ್ಕೂ ಒಗ್ಗದೆ, ಆಫೀಸಿನಲ್ಲಿ ನಾನು ಕೆಮ್ಮಿ ಮಾತು ಶುರುಮಾಡುತ್ತಿದ್ದೆ.

"ಕೂತ್ಕೋಮ್ಮ. ಊಟ ಆಯ್ತಾ?"

ಬಾಗಿಲು ಮುಚ್ಚಿದ ಕೋಣೆಯಲ್ಲಿ ಊಟ ಆಯ್ತಾ ಎಂದು ಕೇಳಿಸಿಕೊಂಡರೆ ಕೆಲಸ ಹೋಯಿತೆಂದೇ ಅರ್ಥ. ಸೂಟ್‌ಕೇಸುಗಳು ಹಾಸಿಗೆಯ ಕೆಳಗಿವೆಯೋ ಕ್ಲಾಸೆಟ್ಟಿನಲ್ಲಿವೆಯೋ ಎಂದು ಯೋಚಿಸತೊಡಗಿದ್ದೆ.

"ಖರ್ಚು ಕಟ್ ಮಾಡಿ ಅಂತ ಮೇಲಿಂದ ಬಂದಿದೆ," ಎಂದರು ಅವರು. "ನಾಳೆ ಮೀಟಿಂಗಲ್ಲಿ ಈ ಫೆಬ್ರವರಿ ಪ್ರೋಗ್ರಾಂ ಎತ್ತುತ್ತಾರೆ. ನಾನು ಬೇಡ ಅಂದ್ರೆ ಚೆನ್ನಾಗಿರಲ್ಲ. ಬಿಳಿಯರು ಬೇಡ ಅಂದ್ರೆ ಇನ್ನೂ ಚೆನ್ನಾಗಿರಲ್ಲ. ನೀನು ಹೇಗಿದ್ರೂ ಅದನ್ನ ಒಪ್ಪಲ್ಲ. ಕೆಫೆಟೀರಿಯಾದಲ್ಲಿ ನೀನು ಹೇಳ್ತಿದ್ದದ್ದು ಕೇಳಿಸ್ಕೊಂಡಿದೀನಿ. ಅದನ್ನೇ ಹೇಳು, ಸಾಕು. ಪ್ರೆಸಿಡೆಂಟೇ ಆಗೋಯ್ತು, ಇನ್ನೇನಂತೆ ಅವರಿಗೆ?"

"ಕರ್ನಾಟಕಕ್ಕೆ ಎಷ್ಟು ಜನ ಕನ್ನಡದ ಮುಖ್ಯಮಂತ್ರಿಗಳು ಆಗಿಹೋದ್ರು, ಅಂಕಲ್. ನಾವು ರಾಜ್ಯೋತ್ಸವ ನಿಲ್ಲಿಸಿದ್ವಾ?"

"ಅದು ಬೇರೆ."

"ನವೆಂಬರಲ್ಲಿ ಹಾಲ್ ಸಿಗಲಿಲ್ಲ ಅಂತ ಈ ಜನವರಿಲಿ ಮಾಡಿದ್ರಿ. ಬಿಡಲಿಲ್ಲ."

"ಅದು ಬೇರೆ ಅಂದ್ನಲ್ಲಮ್ಮ." ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ, ಸಾರಿಗೆ ಉಪ್ಪು ಸಾಕಾ ಎಂದು ಕೇಳುವ ದನಿಯಲ್ಲಿ, "ನಿನ್ನ ವೀಸಾ ಎಕ್ಸ್‌ಟೆನ್ಷನ್ನು ಏಪ್ರಿಲಲ್ಲಿ ಅಲ್ವಾ? ಅದಕ್ಕೆ ನಾನೇ ತಾನೇ ಸೈನ್ ಮಾಡಬೇಕಾಗಿರೋದು?" ಎಂದರು.

ನನ್ನ ಅಭಿಪ್ರಾಯಕ್ಕೆ ಜನ್ಮದಲ್ಲಿ ಮೊದಲ ಬಾರಿ ಒಬ್ಬ ಗಿರಾಕಿ ಸಿಕ್ಕಿದ್ದ. ಸುಳ್ಳು ಹೇಳು ಎಂದಿದ್ದರೆ ಖಂಡಿತ ಜಗಳವಾಡುತ್ತಿದ್ದೆ. ಇವರು ಕೇಳುತ್ತಿದ್ದದ್ದು ನಾನು ಬಿಟ್ಟಿಯಾಗಿ ಊರಿಗೆಲ್ಲ ಹಂಚಿದ ಮಾತನ್ನೇ. ನಾನು ಹೇಳುತ್ತ ಬಂದ ಮಾತು ಅವರ ಬಾಯಿಂದ ಬಂದಾಗ ಅದರ ರುಚಿಯೇ ಬೇರೆಯಾಗಿತ್ತು. ಬೇಡ ಎನ್ನಲು ಧೈರ್ಯವಿಲ್ಲ, ಹೂಂ ಎನ್ನಲು ಮನಸ್ಸಿಲ್ಲ. ಆಗ ನನ್ನೊಳಗಿನ ಚರ್ಚಾಪಟು ಎದ್ದು ನಿಂತಳು.

"ಎರಡೂ ಕಡೆ ಮಾತಾಡ್ತೀನಿ, ಅಂಕಲ್. ಒಂದು ಭಾಗ ಬೇಡ ಅಂತ, ಒಂದು ಭಾಗ ಬೇಕು ಅಂತ. ತೀರ್ಮಾನ ಅವರೇ ಮಾಡಲಿ."

ಅಂಕಲ್ ನನ್ನನ್ನು ಒಂದು ಕ್ಷಣ ನೋಡಿ, ಅಗಲವಾಗಿ ನಕ್ಕರು. ಅವರೂ ಮೈಸೂರಿನ ಕಾಲೇಜಿಗೆ ಶೀಲ್ಡು ತಂದವರೆಂದು ಸಂಘದಲ್ಲಿ ಹಲವು ಸಲ ಹೇಳಿಕೊಂಡಿದ್ದರು. "ಮಾತಾಡಮ್ಮ, ಅದೇ ಸರಿ," ಎಂದರು. ವೀಸಾ, ಆತ್ಮಸಾಕ್ಷಿ, ಡೆನೀಸ್ ಅವರ ಕಾರಿನ ಮುಂದಿನ ಸೀಟು, ಮೂರನ್ನೂ ಒಂದೇ ಏಟಿಗೆ ಉಳಿಸಿಕೊಂಡೆನೆಂದು ಬೀಗಿದೆ. ಡೆನೀಸ್‌ಗೆ ಹೇಳಲಿಲ್ಲ. ಭಾಷಣವನ್ನು ಮೊದಲೇ ಬಿಟ್ಟುಕೊಡಬಾರದೆಂಬ ಶಿಸ್ತು ಎಂದುಕೊಂಡೆ.

ಮರುದಿನದ ಮೀಟಿಂಗಿನಲ್ಲಿ ಮೇಜಿನ ನಡುವೆ ಸ್ಪೀಕರ್‌ಫೋನು, ಅದರೊಳಗೆ ಟೆಕ್ಸಸ್ಸಿನ ದೊಡ್ಡ ಬಾಸು. ಕಾಫಿ, ಪಿಜ್ಜಾ, ಬಣ್ಣದ ಇಂಕಿನ ಜೊತೆಯಲ್ಲಿ ಡೆನೀಸ್ ಅವರ ಒಂದು ಗಂಟೆಯೂ ಕತ್ತರಿಸುವ ಖರ್ಚುಗಳ ಪಟ್ಟಿಯಲ್ಲಿ ಕೂತಿತ್ತು. ಅಂಕಲ್ ನನ್ನ ಕಡೆ ಕೈ ತೋರಿಸಿದರು. ಎದ್ದೆ. ಡೆನೀಸ್ ಆಶ್ಚರ್ಯದಿಂದ ತಿರುಗಿ ನೋಡಿದರು, ಆಮೇಲೆ ಕೊಂಚ ಮುಗುಳ್ನಕ್ಕರು. ಕಾರಿನ ಜಗಳದ ಮುಂದಿನ ಕಂತೆಂದು ಅವರು ತಿಳಿದಿರಬೇಕು.

ನಾನು ಚೆನ್ನಾಗಿ ಮಾತಾಡಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಹನ್ನೊಂದು ತಿಂಗಳ ರಜೆ, ಮೂರೇ ಹೆಸರು, ಚರಿತ್ರೆಯನ್ನು ಕಾರ್ನ್‌ಬ್ರೆಡ್ಡಿಗೆ ಇಳಿಸಿದ ಅವಮಾನ, ಎಲ್ಲವನ್ನೂ ಒಂದರ ಮೇಲೊಂದು ಏರಿಸಿದೆ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತೆ. ಆಮೇಲೆ ಉಸಿರೆಳೆದುಕೊಂಡು, "ಇದು ಒಂದು ಕಡೆಯ ಮಾತು. ಇನ್ನು..." ಎಂದೆ.

"ಥ್ಯಾಂಕ್ ಯೂ," ಎಂದರು ಅಂಕಲ್. "ಬಹಳ ಸ್ಪಷ್ಟವಾಗಿತ್ತು. ಸಮಯ ಕಡಿಮೆಯಿದೆ."

ಸ್ಪೀಕರ್‌ಫೋನು ಗೊರಗೊರ ಎಂದಿತು. ಒಳ್ಳೆಯ ವಿಚಾರಗಳು, ಅದರಲ್ಲೂ ಇದು ಒಬ್ಬ ಅಲ್ಪಸಂಖ್ಯಾತ ಸಹೋದ್ಯೋಗಿಯ ಬಾಯಿಂದ ಬಂದದ್ದು ಸಂತೋಷ, ಸರಿ, ತೆಗೆದುಬಿಡೋಣ, ಮುಂದಿನದು ಬಣ್ಣದ ಇಂಕು. ನಾನಿನ್ನೂ ನಿಂತೇ ಇದ್ದೆ. ಪಕ್ಕದವರು ನನ್ನ ತೋಳು ಎಳೆದು ಕೂರಿಸಿದರು. ಡೆನೀಸ್ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲೆ ಸದ್ದಾಗದಂತೆ ಇಟ್ಟರು.

ಸಂಜೆ ಪಾರ್ಕಿಂಗ್ ಲಾಟಿನಲ್ಲಿ ಅವರ ಕಾರು ಇರುವುದಿಲ್ಲವೆಂದುಕೊಂಡಿದ್ದೆ. ಇತ್ತು. ಹೀಟರ್ ಕೂಡ ಹಾಕಿತ್ತು. ಹತ್ತಿ ಕೂತೆ. ಅವರು "ಹತ್ತು, ಪ್ರೊಫೆಸರ್" ಎನ್ನಲಿಲ್ಲ. ರಸ್ತೆಯ ಎರಡೂ ಬದಿ ಗುಡ್ಡೆಹಾಕಿದ ಹಿಮ ಕಪ್ಪಾಗಿತ್ತು. ನಾನು ಸುಮ್ಮನಿರುವ ಕಲೆಯನ್ನು ಕಲಿತವಳಲ್ಲ, ಉಳಿದ ಅರ್ಧವನ್ನು ಅಲ್ಲೇ ಶುರುಮಾಡಿದೆ. ನಮ್ಮ ಆಫೀಸಿನ ಫ್ರಿಜ್ಜನ್ನು ಎಲ್ಲರೂ ಯಾವಾಗಲೂ ಸ್ವಚ್ಛವಾಗಿಡಬೇಕೆಂದು ಚೀಟಿ ಅಂಟಿಸಿದಾಗ ಅದರೊಳಗೆ ಮೊಸರು ಹಸಿರಾಯಿತು, ಸರದಿ ಹಾಕಿದ ಮೇಲೆ ಬಿಳಿಯಾಯಿತು. ವರ್ಷವಿಡೀ ಎಲ್ಲರ ಕೆಲಸವೆಂದರೆ ಯಾರ ಕೆಲಸವೂ ಅಲ್ಲ, ಚರಿತ್ರೆಯದೂ ಅದೇ ಕಥೆ ಎಂದೆ. ಆಂಟ್ ಲೊರೇನ್ ಅವರ ದನಿಯನ್ನು ಫೋನಿನಲ್ಲೇ ಕೇಳಿ ಮೆಚ್ಚಿದ ಗಿರಾಕಿಯೊಬ್ಬ ಚಾಕೊಲೇಟ್ ಪೆಟ್ಟಿಗೆ ಹಿಡಿದು ಎಕ್ಸ್‌ಚೇಂಜಿಗೆ ಬಂದು, ಅವರ ಕಪ್ಪು ಮುಖ ನೋಡಿ ಕೆಲಸದಾಕೆಯೆಂದುಕೊಂಡು, ಒಳಗೆ ಹೋಗಿ ಆ ಆಪರೇಟರಮ್ಮನನ್ನು ಕರೆದು ತಾ ಎಂದದ್ದನ್ನು ನೆನಪಿಸಿದೆ. ಅದನ್ನು ಹೇಳಿದ್ದವರು ಡೆನೀಸ್ ಅವರೇ. ಕ್ಯಾಲೆಂಡರಿನಲ್ಲಿ ಒಂದು ಜಾಗ ಇರದಿದ್ದರೆ ಆ ಕಥೆ ಕೇಳಲು ಯಾವ ಆಫೀಸು, ಯಾವ ತಿಂಗಳಲ್ಲಿ, ಆ ಮುದುಕಿಯನ್ನು ಕರೆಯುತ್ತಿತ್ತು ಎಂದು ಕೇಳಿ ಮುಗಿಸಿದೆ.

"ಚೆನ್ನಾಗಿದೆ," ಎಂದರು ಡೆನೀಸ್. "ಮೊದಲನೇದಕ್ಕಿಂತ ಚೆನ್ನಾಗಿದೆ." ಸ್ವಲ್ಪ ದೂರ ಹೋದ ಮೇಲೆ, "ಆಂಟ್ ಲೊರೇನ್‌ಗೆ ಇನ್ನೂ ಹೇಳಿಲ್ಲ. ಕೋಟು ಬೆಳಿಗ್ಗೆ ತಾನೇ ವಾಪಸ್ ಬಂತಂತೆ," ಎಂದರು.

ಆದರೂ ನನ್ನ ನಾಲಗೆ ನಿಲ್ಲಲಿಲ್ಲ. ನನಗೆ ಮೋಸವಾಯಿತು, ಎರಡೂ ಕಡೆ ಮಾತಾಡುತ್ತೇನೆಂದು ಮೊದಲೇ ತಿಳಿಸಿದ್ದೆ, ನಮ್ಮ ಕಡೆ ಅದೇ ಪದ್ಧತಿ, ಎರಡೂ ಕೇಳಿದ ಮೇಲೇ ತೀರ್ಪು ಎಂದೆಲ್ಲ ವಿವರಿಸಿದೆ. ಉಷಾಳ ವಿಷಯ, ಶೀಲ್ಡಿನ ವಿಷಯ, ಏಪ್ರಿಲ್ಲಿನ ವೀಸಾದ ವಿಷಯ ಕೂಡ ಬಂತು. ವೀಸಾ ಎಂದಾಗ ಅವರು ತಲೆಯಾಡಿಸಿದರು. ಅವರಿಗೆ ಅರ್ಥವಾಯಿತೆಂದುಕೊಂಡೆ.

ಸಿಗ್ನಲ್ ಕೆಂಪಾಗಿತ್ತು. "ಆ ಸ್ಪರ್ಧೆಗಳಲ್ಲಿ," ಎಂದು ಕೇಳಿದರು ಡೆನೀಸ್, "ಯಾವ ಕಡೆಯವರು ಮೊದಲು ಮಾತಾಡೋದು?"

"ಪರ," ಎಂದೆ. ಯೋಚಿಸುವ ಪ್ರಶ್ನೆಯೇ ಅಲ್ಲ ಅದು.

"ಯಾವಾಗಲೂ?"

"ಯಾವಾಗಲೂ."

ಸಿಗ್ನಲ್ ಹಸಿರಾಯಿತು. ಹಿಂದಿನ ಕಾರಿನವನು ಹಾರ್ನ್ ಮಾಡಿದ. ಡೆನೀಸ್ ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡೇ ನನ್ನ ಕಡೆ ತಿರುಗಿದರು.

"ಹಾಗಾದ್ರೆ ಇವತ್ತು ಯಾಕೆ ವಿರೋಧ ಮೊದಲು ಬಂತು, ಪ್ರೊಫೆಸರ್?"