ದೊಡ್ಡಪ್ಪ ಹೋಗಿ ಚಿಕ್ಕಪ್ಪ ಬಂದ

ಹೆಂಡತಿ ಕಡೆಯವರ ಭಾರ ಗಂಡ ಹೊರಬೇಕು ಅನ್ನೋದು ಲೋಕರೂಢಿ, ಒಪ್ಪೋಣ. ಆದರೆ ನಮ್ಮ ಗಡಿಯಾರ ರಿಪೇರಿ ಯಜಮಾನರು ಹನ್ನೊಂದು ವರ್ಷದಿಂದ ಹೊರುತ್ತಿದ್ದ ದೊಡ್ಡಪ್ಪ ಮನುಷ್ಯನೇ ಅಲ್ಲ. ಅದೊಂದು ಮೂವತ್ತಮೂರು ಕೆಜಿಯ ಆಂಪ್ಲಿಫೈಯರ್. ಅವರ ಹೆಂಡತಿ, ಹೈಸ್ಕೂಲಿನ ಗಣಿತದ ಟೀಚರಮ್ಮ, ನುಡಿಸುವ ಬೇಸ್ ಗಿಟಾರಿನ ದನಿ ಆ ಕಪ್ಪು ಪೆಟ್ಟಿಗೆಯ ಹೊಟ್ಟೆಯಿಂದಲೇ ಹೊರಡಬೇಕು. ಅದಕ್ಕೆ ಹಿಡಿ ಒಂದೇ, ಅದೂ ನೆತ್ತಿಯ ಮೇಲೆ. (ಅದನ್ನು ಮಾಡಿದವನಿಗೆ ಮದುವೆಯಾಗಿರಲಿಲ್ಲ ಅಂತ ಯಜಮಾನರ ಖಚಿತ ಅಭಿಪ್ರಾಯ.)

ವಾರವೆಲ್ಲ ಅವರ ಕೆಲಸ ಅಂದರೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಜೋರಾಗಿ ಉಸಿರುಬಿಟ್ಟರೆ ಹಾರಿಹೋಗುವ ಸ್ಕ್ರೂಗಳನ್ನು ಚಿಮಟದಲ್ಲಿ ಎತ್ತಿ ಕೂರಿಸೋದು. ಶನಿವಾರ ಮಧ್ಯಾಹ್ನ ಬಂತೋ, ಅದೇ ಕೈಗೆ ದೊಡ್ಡಪ್ಪ. ಲಿಫ್ಟಿಲ್ಲದ ಮೂರನೇ ಮಹಡಿಯಿಂದ ಇಳಿದು, ಎರಡು ಬೀದಿ ದಾಟಿ, ಟೀಚರಮ್ಮನ ವಾದ್ಯತಂಡ ಅಭ್ಯಾಸ ಮಾಡುವ, ಬೇಕರಿಯ ಮೇಲಿನ ಕೋಣೆಗೆ ಹತ್ತಬೇಕು. ಬೇಕರಿಯವನೇ ತಂಡದ ಡ್ರಮ್ಮರು, ತಂಡದ ಯಜಮಾನಿಕೆಯೂ ಅವನದೇ. ಗಿಟಾರು ಹೆಗಲಿಗೇರಿಸಿಕೊಂಡ ಟೀಚರಮ್ಮ ಹಿಂದಿನಿಂದ ನಿರ್ದೇಶನ ಕೊಡುತ್ತಾ ಬರುತ್ತಿದ್ದರು. "ಎಡಕ್ಕೆ ರೀ, ಎಡಕ್ಕೆ. ಗೋಡೆಗೆ ತಾಗಿಸ್ಬೇಡಿ. ನಿಧಾನ." ಈ ಕಾಳಜಿ ಪೆಟ್ಟಿಗೆಯ ಮೇಲೋ ತಮ್ಮ ಮೇಲೋ ಅನ್ನೋದು ಹನ್ನೊಂದು ವರ್ಷದಲ್ಲಿ ಯಜಮಾನರಿಗೆ ಬಗೆಹರಿದಿರಲಿಲ್ಲ.

ಮೇಲೆ ತಲುಪಿದ ಮೇಲೆ ಬಾಗಿಲ ಪಕ್ಕದ ಕುರ್ಚಿ ಅವರದು. ಆರು ಜನರ ತಂಡವೂ ಅವರನ್ನು ಭಾವ ಅಂತಲೇ ಕರೆಯುತ್ತಿತ್ತು. ಕೆಳಗಿನ ಒಲೆಯಿಂದ ಮೊದಲು ಬಂದ ಬನ್ನು ಭಾವನಿಗೆ, ಹಾಡು ಮುಗಿದಾಗ "ಹೇಗಿತ್ತು ಭಾವ?" ಅನ್ನೋ ಪ್ರಶ್ನೆಯೂ ಭಾವನಿಗೆ. ಅವರು ಸೊಂಟ ಹಿಡಿದುಕೊಂಡು, "ನನ್ನನ್ನೇನು ಕೇಳ್ತೀರಪ್ಪಾ, ನಾನು ಬರೀ ಕೂಲಿ" ಅನ್ನುತ್ತಿದ್ದರು. ಎರಡನೇ ಬನ್ನಿಗೆ ಕೈಚಾಚುತ್ತಲೇ ಅನ್ನುತ್ತಿದ್ದರು ಅನ್ನೋದು ಬೇರೆ ಮಾತು.

ಒಂದು ಶನಿವಾರ ಎರಡನೇ ಮಹಡಿಯ ತಿರುವಿನಲ್ಲಿ ಬೆನ್ನು ಹಿಡಿದುಕೊಂಡಿತು. ಬಗ್ಗಿದವರು ಏಳಲಾರರು, ದೊಡ್ಡಪ್ಪನನ್ನೂ ಬಿಡಲಾರರು. ಆ ಭಂಗಿಯಲ್ಲೇ ಅವರು ಭೀಷ್ಮಪ್ರತಿಜ್ಞೆ ಮಾಡಿದರು: ಹತ್ತು ಕೆಜಿ ಒಳಗಿನ ಆಂಪ್ಲಿಫೈಯರ್ ಮನೆಗೆ ಬರದ ಹೊರತು ಇನ್ನು ಒಂದು ಮೆಟ್ಟಿಲೂ ಹತ್ತೋದಿಲ್ಲ. ಟೀಚರಮ್ಮ ಒಂದೇ ಷರತ್ತು ಹಾಕಿದರು.

"ಹಗುರ ನಿಮ್ಮ ಬೆನ್ನಿಗೆ, ಬೆಚ್ಚನೆಯ ದನಿ ನನ್ನ ಕಿವಿಗೆ. ಎರಡೂ ಒಂದರಲ್ಲೇ ಇದ್ದರೆ ತರೋಣ."

ಸಂಗೀತದ ಅಂಗಡಿಗೆ ಯಜಮಾನರು ಕೊಕ್ಕೆ ತಕ್ಕಡಿ ಸಮೇತ ಹೋದರು. ಅಂಗಡಿಯವನು ವಾಟ್ಸು, ಸ್ಪೀಕರು, ಗುಂಡಿ ಅಂತ ಬಾಯಿ ತೆರೆಯುವಷ್ಟರಲ್ಲಿ ಇವರು ಮೂರು ಪೆಟ್ಟಿಗೆಯನ್ನು ಕೊಕ್ಕೆಗೆ ನೇತುಹಾಕಿ ತೂಗಿದ್ದಾಯಿತು. ತಕ್ಕಡಿಯಲ್ಲಿ ಪಾಸಾದದ್ದನ್ನು ಅಂಗಡಿಯ ಒಳಮೆಟ್ಟಿಲಿನ ಮೇಲೆ ಹತ್ತಿಸಿ ಇಳಿಸಿ ನೋಡುವುದು ಎರಡನೇ ಪರೀಕ್ಷೆ. ಆಮೇಲೆ ಟೀಚರಮ್ಮನ ಸರದಿ. ಆಕೆ ಕಣ್ಣುಮುಚ್ಚಿ ಒಂದೇ ಒಂದು ತಗ್ಗಿನ ಸ್ವರ ಮೀಟಿ, ಅದು ಪೂರ್ತಿ ಆರಿಹೋಗುವವರೆಗೂ ಕಾದು, ಉತ್ತರಪತ್ರಿಕೆ ತಿದ್ದಿದ ಹಾಗೆ ತೀರ್ಪು ಕೊಡುತ್ತಿದ್ದರು. ತಣ್ಣಗಿದೆ. ಇದೂ ತಣ್ಣಗಿದೆ. ಇದು ಬರೀ ಡಬ್ಬ. ಬೆಚ್ಚಗೆ ಅಂದರೆ ಏನೇ ಅದು ಅಂತ ಯಜಮಾನರು ರೇಗಿದರೆ, ಎದೆ ತಟ್ಟಿ ತೋರಿಸಿ, "ಕಿವಿಗಿಂತ ಮೊದಲು ಇಲ್ಲಿಗೆ ಬರಬೇಕು" ಅಂದರು. ಯಜಮಾನರ ಎದೆಗೆ ಅಲ್ಲಿಯವರೆಗೆ ಬಂದದ್ದು ಏದುಸಿರು ಮಾತ್ರ.

ಮೂರು ಸಲ ಹೋದರು. ಮೂರನೇ ಸಲಕ್ಕೆ ಅಂಗಡಿಯವನು ಇವರನ್ನು ಕಂಡು ಒಳಗೆ ಸರಿದುಕೊಂಡ. ಅವತ್ತು ಎಂಟನೆಯ ಪೆಟ್ಟಿಗೆ ಏಳೂವರೆ ಕೆಜಿ ತೂಗಿತು. ಟೀಚರಮ್ಮ ಕಣ್ಣುಮುಚ್ಚಿದರು, ಮೀಟಿದರು, ತಲೆಯನ್ನು ಅಡ್ಡಕ್ಕೂ ಉದ್ದಕ್ಕೂ ಅಲ್ಲಾಡಿಸದೆ ಸುಮಾರು ಹೊತ್ತು ನಿಂತರು. ಬೆಚ್ಚಗೇನೋ ಇದೆ, ಚೂರು ಕಮ್ಮಿ ಅಂದರು. ಬರ್ತಾ ಬರ್ತಾ ಬೆಚ್ಚಗಾಗುತ್ತೆ ಬಿಡು ಅಂತ ಇವರು ಅಷ್ಟರಲ್ಲಾಗಲೇ ಅದನ್ನು ಎತ್ತಿಕೊಂಡು ಬಾಗಿಲಲ್ಲಿದ್ದರು. ಗಂಡ ಬೆಳಿಗ್ಗೆ ಎದ್ದು ಗೋಡೆ ಹಿಡಿದು ನಡೆಯೋದನ್ನು ಆಕೆ ಒಂದು ತಿಂಗಳಿಂದ ನೋಡುತ್ತಿದ್ದರು, ಅದಕ್ಕೇ ದುಡ್ಡು ಎಣಿಸಿಕೊಟ್ಟರು. ಹೀಗೆ ದೊಡ್ಡಪ್ಪ ಅಟ್ಟ ಸೇರಿ, ಚಿಕ್ಕಪ್ಪ ಮನೆಗೆ ಬಂದ.

ಶನಿವಾರ ಯಜಮಾನರು ಬೂಟು ಹಾಕಿ, ತೋಳು ಮಡಿಸಿ ಸಜ್ಜಾದರು. ಟೀಚರಮ್ಮ ಬಲಹೆಗಲಿಗೆ ಗಿಟಾರು, ಎಡಗೈಗೆ ಚಿಕ್ಕಪ್ಪನನ್ನು ತೂಗಿಸಿಕೊಂಡು ಒಳಗಿನಿಂದ ಬಂದರು.

"ನೀವ್ಯಾಕ್ರೀ ಸುಮ್ಮನೆ ಬರ್ತೀರಿ? ಪಾಪ, ಹನ್ನೊಂದು ವರ್ಷ ಹೊತ್ತಿದ್ದೀರಿ. ಹಾಯಾಗಿ ಮಲಗಿ."

ಯಜಮಾನರು ಹಾಯಾಗಿ ಮಲಗಿದರು. ಸೂರು ನೋಡಿದರು. ಮೊದಲ ಬನ್ನು ಇಷ್ಟು ಹೊತ್ತಿಗೆ ಮೇಲೆ ಬಂದಿರುತ್ತೆ, ಯಾರು ತಿಂದರೋ ಅಂದುಕೊಂಡರು. ಎರಡನೇ ಶನಿವಾರ, ಕೊಡು ನಾನು ತರ್ತೀನಿ ಅಂತ ಕೈಚಾಚಿದರೆ, ತರಕಾರಿ ಚೀಲ ಇದಕ್ಕಿಂತ ಭಾರ ಇರುತ್ತೆ ಅಂತ ಆಕೆ ನಕ್ಕು ಹೊರಟೇಬಿಟ್ಟರು. ಮೂರನೇ ಶನಿವಾರ ಯಜಮಾನರಿಗೆ ನಿಜಕ್ಕೂ ಅಳು ಬರುವಷ್ಟು ಬೇಜಾರಾಯಿತು. ನಾನೂ ಬರ್ತೀನಿ ಅಂತ ಒಂದು ಮಾತು ಅಂದಿದ್ದರೆ ಮುಗಿದಿತ್ತು. ಆದರೆ ಹನ್ನೊಂದು ವರ್ಷ ಅಯ್ಯೋ ಅಪ್ಪಾ ಅಂತ ನರಳಿದ ಬಾಯಿಂದಲೇ ಆ ಮಾತು ಬರಬೇಕಲ್ಲ. ಮಾಡಿದ್ದುಣ್ಣೋ ಮಹರಾಯ ಅಂತ ತಮಗೆ ತಾವೇ ಹೇಳಿಕೊಂಡು ಮಗ್ಗುಲು ಬದಲಿಸಿದರು. ಬೆನ್ನು ಪೂರ್ತಿ ವಾಸಿಯಾಗಿತ್ತು. ಅದೊಂದು ಬೇರೆ ಸಂಕಟ.

ಟೀಚರಮ್ಮನ ಶಾಲೆಯಲ್ಲೇ ತಂಡದ ಕಾರ್ಯಕ್ರಮ ಬಂತು. ಯಜಮಾನರು ಸಾರ್ವಜನಿಕರಂತೆ ಐದನೇ ಸಾಲಿನಲ್ಲಿ ಕೂತರು. ಬೇಕರಿಯ ಕೋಣೆಯಲ್ಲಿ ಸಿಮೆಂಟು ನೆಲ. ಇಲ್ಲಿ ಹಲಗೆಯ ವೇದಿಕೆ, ಒಳಗೆ ಪೊಳ್ಳು. ಮೊದಲ ತಗ್ಗಿನ ಸ್ವರಕ್ಕೇ ಚಿಕ್ಕಪ್ಪ ಗರ್ರ್ ಅಂತ ನಡುಗಿ, ಒಂದು ಗೇಣು ಮುಂದಕ್ಕೆ ನಡೆದ. ಟೀಚರಮ್ಮ ಹಿಮ್ಮಡಿಯಿಂದ ಹಿಂದಕ್ಕೆ ತಳ್ಳಿದರು. ಅವನು ಮತ್ತೆ ಹೊರಟ. ಎರಡನೇ ಹಾಡಿನ ಹೊತ್ತಿಗೆ ಅವನು ವೇದಿಕೆಯ ಅಂಚಿಗೆ ಬಂದಿದ್ದ, ಮುಂದಿನ ಸಾಲಿನ ಮಕ್ಕಳು ಅವನಿಗೇ ಚಪ್ಪಾಳೆ ತಟ್ಟುತ್ತಿದ್ದರು, ಟೀಚರಮ್ಮನ ಮುಖ ಕೆಂಪಾಗಿತ್ತು. ತನ್ನ ವಿದ್ಯಾರ್ಥಿಗಳ ಎದುರೇ ಹೀಗಾಗಬೇಕೇ?

ಯಜಮಾನರು ಎದ್ದರು. ನಾಲ್ಕು ಸಾಲಿನವರ ಕಾಲು ತುಳಿದು, ವೇದಿಕೆ ಹತ್ತಿ, ಚಿಕ್ಕಪ್ಪನನ್ನು ಎತ್ತಿ ಜಾಗಕ್ಕೆ ತಂದಿಟ್ಟರು. ಬಿಟ್ಟರೆ ಮತ್ತೆ ನಡೆಯುತ್ತಾನೆ ಅಂತ ಬೇರೇನೂ ತೋಚದೆ ಅವನ ಮೇಲೆ ಕೂತುಬಿಟ್ಟರು.

ಗರಗರ ನಿಂತಿತು. ದನಿ ತುಂಬಿಕೊಂಡಿತು. ಟೀಚರಮ್ಮ ನುಡಿಸುತ್ತಲೇ ತಿರುಗಿ ನೋಡಿ, ಬಗ್ಗಿ ಕಿವಿಯಲ್ಲಿ, "ಏಳ್ಬೇಡಿ, ಈಗ ಬೆಚ್ಚಗಾಯ್ತು" ಅಂದರು. ಎರಡು ಗಂಟೆ ಹೊತ್ತು ಯಜಮಾನರು ಇಡೀ ಶಾಲೆಗೆ ಮುಖ ಕೊಟ್ಟುಕೊಂಡು ಕೂತರು. ಮೂಗು ತುರಿಸಿದರೂ ಕೆರೆದುಕೊಳ್ಳಲಿಲ್ಲ.

ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಮರುದಿನ ಬೇಕರಿಯವನು ಒಳ್ಳೆಯ ಮನಸ್ಸಿನಿಂದಲೇ ಒಂದು ಸಲಹೆ ಕೊಟ್ಟ: ಪಾಪ, ಭಾವನಿಗೆ ಯಾಕೆ ಪ್ರತಿಸಲ ತೊಂದರೆ, ನನ್ನ ಹತ್ತಿರ ಹಿಟ್ಟಿನ ಮೂಟೆ ಇದೆ, ಐವತ್ತು ಕೆಜಿ, ಕಾರ್ಯಕ್ರಮ ಎಲ್ಲಿದ್ದರೂ ನನ್ನ ವ್ಯಾನಿನಲ್ಲೇ ಬರುತ್ತೆ. ಎಲ್ಲರೂ ಹೌದು ಹೌದು ಅಂದರು. ಮುಂದಿನ ಶನಿವಾರ ಪರೀಕ್ಷೆ ಅಂತಾಯಿತು. ಯಜಮಾನರನ್ನೂ ಕರೆದರು, ಅಭ್ಯರ್ಥಿಯಾಗಿ.

ಬೇಕರಿಯ ಕೋಣೆಯಲ್ಲಿ ಹಲಗೆ ಹಾಸಿ ಚಿಕ್ಕಪ್ಪನನ್ನು ಇಟ್ಟರು, ಅವನ ಮೇಲೆ ಮೂಟೆ. ಟೀಚರಮ್ಮ ಕಣ್ಣುಮುಚ್ಚಿ ಅದೇ ಒಂದು ಸ್ವರ ಮೀಟಿದರು. ಎಂಟು ಪೆಟ್ಟಿಗೆಯನ್ನು ಕೊಕ್ಕೆಗೆ ಹಾಕಿ ತೂಗಿದ್ದ ಮಹಾನುಭಾವರು ಬಾಗಿಲ ಪಕ್ಕ ಕೈಕಟ್ಟಿ ನಿಂತಿದ್ದರು. ಗರಗರ ಇರಲಿಲ್ಲ, ಚಿಕ್ಕಪ್ಪ ಒಂದಂಗುಲವೂ ಅಲ್ಲಾಡಲಿಲ್ಲ. ಮೂಟೆ ಗೆದ್ದ ಹಾಗೇ ಅಂತ ಅವರಿಗೆ ಅನಿಸಿತು. ಮೂಟೆ ಇಳಿಸಿ ಅವರನ್ನು ಕೂರಿಸಿದರು. ಅದೇ ಸ್ವರ. ಅದು ಚಿಕ್ಕಪ್ಪನಿಂದ ಬೆನ್ನಿಗೆ, ಬೆನ್ನಿಂದ ಎದೆಗೆ ಬಂದದ್ದು ಅವರಿಗೇ ಗೊತ್ತಾಯಿತು. ಟೀಚರಮ್ಮ ಅದು ಪೂರ್ತಿ ಆರುವವರೆಗೂ ಕಾದರು.

"ಮೂಟೆ ತಣ್ಣಗಿದೆ," ಅಂದರು. "ಇವರೇ ಇರ್ಲಿ."

ಕೆಳಗಿನಿಂದ ಮೊದಲ ಬನ್ನು ಬಂತು.

ಮನೆಗೆ ಮರಳುವಾಗ ಟೀಚರಮ್ಮನ ಹೆಗಲಲ್ಲಿ ಗಿಟಾರು, ಕೈಯಲ್ಲಿ ಚಿಕ್ಕಪ್ಪ. ಮುಂದೆ ಬರಿಗೈಯಲ್ಲಿ ಮೆಟ್ಟಿಲು ಹತ್ತುತ್ತಿದ್ದ ಯಜಮಾನರು, ಹಿಟ್ಟಿನ ಮೂಟೆಯನ್ನು ಸೋಲಿಸಿದ ಹೆಮ್ಮೆಯಲ್ಲಿ, ನಿಜ ಹೇಳು, ಅಷ್ಟೊಂದು ವ್ಯತ್ಯಾಸ ಕೇಳಿಸ್ತಾ ಅಂದರು. ಹಿಂದಿನಿಂದ ಆಕೆಯ ದನಿ ಬಂತು.

"ಎಡಕ್ಕೆ ರೀ, ಎಡಕ್ಕೆ. ಗೋಡೆಗೆ ತಾಗಿಸ್ಕೋಬೇಡಿ. ನಿಧಾನ."